ಪೈಪಿನ ಊಟಕ್ಕೊಂದು ಒಗ್ಗರಣೆ

ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯ ನೆಲಮಾಳಿಗೆಯ ಅಡುಗೆಮನೆಯಲ್ಲಿ ಆಗಲೇ ಸಂತೆಯ ಗದ್ದಲ. ಹಂಡೆಗಳು ಕುದಿಯುತ್ತಿವೆ, ತರಕಾರಿ ಹೆಚ್ಚುವವರ ಚಾಕುಗಳು ಒಂದೇ ಸಮನೆ ಓಡುತ್ತಿವೆ, ತಿಂಡಿಯ ಗಾಡಿಗಳು ಲಿಫ್ಟಿನ ಬಾಗಿಲಿಗೆ ಡಿಕ್ಕಿ ಹೊಡೆದು ನಿಲ್ಲುತ್ತಿವೆ. ಇಲ್ಲಿ ಮೆಲ್ಲಗೆ ಮಾತಾಡಿದರೆ ಯಾರ ಕಿವಿಗೂ ಬೀಳುವುದಿಲ್ಲವಾದ್ದರಿಂದ ಎಲ್ಲರೂ ಜಗಳವಾಡುವ ದನಿಯಲ್ಲೇ ಉಪ್ಪು ಕೇಳುತ್ತಾರೆ, ಎಣ್ಣೆ ಕೇಳುತ್ತಾರೆ. ಈ ಗದ್ದಲಕ್ಕೆ ಬೆನ್ನು ಹಾಕಿ, ಕಿಟಕಿಯಿಲ್ಲದ ಮೂಲೆಯೊಂದರಲ್ಲಿ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಜರಡಿ ಹಿಡಿದು ನಿಂತಿದ್ದಾರೆ. ಬೇಯಿಸಿ ನುಣ್ಣಗೆ ರುಬ್ಬಿದ ಅಕ್ಕಿ, ಬೇಳೆ, ತರಕಾರಿಯ ಗಂಜಿಯನ್ನು ಮೊದಲು ದೊಡ್ಡ ಕಣ್ಣಿನ ಜರಡಿಯಲ್ಲಿ ಸೋಸುತ್ತಾರೆ, ಆಮೇಲೆ ಸಣ್ಣ ಕಣ್ಣಿನದರಲ್ಲಿ, ಕೊನೆಗೆ ತೆಳು ಬಟ್ಟೆಯಲ್ಲಿ ಹಿಂಡುತ್ತಾರೆ.

ಅಷ್ಟಕ್ಕೇ ಬಿಡುವುದಿಲ್ಲ. ಗೋಡೆಯ ಮೊಳೆಗೆ ಉದ್ದನೆಯ ಸಪೂರ ಪೈಪೊಂದು ಜೋತುಬಿದ್ದಿದೆ, ಅದರ ಬಾಯಿಗೆ ಪುಟ್ಟ ಲಾಳಿಕೆ. ಪ್ರತಿ ಪಾತ್ರೆಯಿಂದಲೂ ಒಂದು ಸೌಟು ಗಂಜಿಯನ್ನು ಅದರಲ್ಲಿ ಹುಯ್ದು, ಕೆಳಗೆ ಲೋಟ ಹಿಡಿದು ಕಾಯುತ್ತಾರೆ. ತಳ್ಳದೆ, ಕುಲುಕದೆ, ತನ್ನ ಪಾಡಿಗೆ ತಾನು ಇಳಿದು ಬಂದರೆ ಸರಿ. ಎಲ್ಲಾದರೂ ತಡೆದರೆ ಇಡೀ ಪಾತ್ರೆ ಮತ್ತೆ ಜರಡಿಗೆ. ಇಳಿದು ಬಂದದ್ದರಲ್ಲಿ ನಾಲ್ಕು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಾರೆ, ತಲೆಯಾಡಿಸುತ್ತಾರೆ, ಬಾಟಲಿಗೆ ತುಂಬುತ್ತಾರೆ.

ಇದು ಬಾಯಿಂದ ಉಣ್ಣಲಾಗದವರ ಊಟ. ಪಾರ್ಶ್ವವಾಯು ಹೊಡೆದು ಗಂಟಲು ಮಾತು ಕೇಳದವರು, ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವರು, ಗಂಟಲಿನ ಆಪರೇಷನ್ ಆದವರು, ಇಂಥವರಿಗೆ ಮೂಗಿನಿಂದ ಹೊಟ್ಟೆಯವರೆಗೆ ಪೈಪು ಇಳಿಸಿರುತ್ತಾರೆ. ಅವರ ಪಾಲಿನ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ ಎಲ್ಲವೂ ಈ ಗಂಜಿಯೇ. ಒಂದು ಬೇಳೆಯ ಸಿಪ್ಪೆ ಸಿಕ್ಕಿಕೊಂಡರೂ ಪೈಪು ಕಟ್ಟುತ್ತದೆ. ಕಟ್ಟಿದರೆ ಅದನ್ನು ಎಳೆದು ತೆಗೆದು ಹೊಸದನ್ನು ಮೂಗಿಗೆ ತೂರಿಸಬೇಕು. ಆ ಸಂಕಟ ತೂರಿಸಿಕೊಂಡವರಿಗೇ ಗೊತ್ತು. ಹಾಗಾಗಿ ದಿನಕ್ಕೆ ನಲವತ್ತು ಬಾಟಲಿಯಾಗಲಿ ಐವತ್ತಾಗಲಿ, ಮೂರು ಸಲ ಸೋಸದ ಒಂದು ಹನಿಯೂ ಈ ಮೂಲೆಯಿಂದ ಮೇಲೆ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಇವರ ಹೆಸರು ಕೇಳಿದರೆ ಎಲ್ಲರೂ ತಡವರಿಸುತ್ತಾರೆ. 'ಜರಡಿಯಕ್ಕ' ಎಂದರೆ ಗೇಟಿನ ಕಾವಲುಗಾರನೂ ದಾರಿ ತೋರಿಸುತ್ತಾನೆ. ಹಾಗೆ ಕರೆಯಲು ಶುರು ಮಾಡಿದವರು ಅಡುಗೆಮನೆಯ ಯಜಮಾನರು, ಹೊಟ್ಟೆಯ ಸುತ್ತಳತೆಯ ದೆಸೆಯಿಂದ ತಾವೂ 'ಹಂಡೆ ಮಾವ' ಎನ್ನಿಸಿಕೊಂಡವರು. ಬೇಳೆ ನೀರಾಯಿತು, ಅನ್ನ ಮುದ್ದೆಯಾಯಿತು ಎಂದು ದಿನವಿಡೀ ವಾರ್ಡುಗಳಿಂದ ಬೈಸಿಕೊಳ್ಳುವ ಅವರಿಗೆ ಈ ಮೂಲೆಯ ಮೇಲೆ ಸಣ್ಣ ಹೊಟ್ಟೆಕಿಚ್ಚು. ಇಷ್ಟು ವರ್ಷದಲ್ಲಿ ಜರಡಿಯಕ್ಕನ ಅಡುಗೆಗೆ ಕೊಂಕು ತೆಗೆದವರು ಒಬ್ಬರೂ ಇಲ್ಲ ಎಂದು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಾರೆ. ಹೊಗಳಿದವರೂ ಇಲ್ಲ ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ಸೋಸಿ ಆದಮೇಲೆ ಜರಡಿಯಕ್ಕ ಇನ್ನೊಂದು ಕೆಲಸ ಮಾಡುತ್ತಾರೆ, ಅದನ್ನು ಯಾರೂ ಹೇಳಿಲ್ಲ. ಪುಟ್ಟ ಬಾಣಲೆಯಲ್ಲಿ ತುಪ್ಪ ಕಾಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಕೆಂಪಾದ ಮೇಲೆ ಬೆಳ್ಳುಳ್ಳಿ ತೆಗೆದು, ಆ ತುಪ್ಪವನ್ನು ಸೋಸಿ ಗಂಜಿಗೆ ಬೆರೆಸುತ್ತಾರೆ. ಯಾರಿಗೆ ಏನು, ಎಷ್ಟು ಎಂದು ಅಳತೆ ಹೇಳುವ ಪಥ್ಯದ ಮೇಡಂ ಒಮ್ಮೆ ಹುಬ್ಬು ಗಂಟಿಕ್ಕಿದ್ದರಂತೆ. ಹೇಗೂ ಬೆರೆಸಬೇಕಾದ ತುಪ್ಪ, ಕಾಯಿಸಿ ಬೆರೆಸಿದರೆ ತಪ್ಪೇನು ಎಂದು ಆಮೇಲೆ ಸುಮ್ಮನಾದರು. ನಾಲಿಗೆಯನ್ನೇ ಮುಟ್ಟದ ಊಟಕ್ಕೆ ಒಗ್ಗರಣೆ ಯಾಕೆ ಎಂದು ಕೇಳಿದರೆ ಜರಡಿಯಕ್ಕನ ಹತ್ತಿರ ಉತ್ತರ ಸಿದ್ಧವಿದೆ.

"ಬಾಯಿಗೆ ಗೊತ್ತಾಗಲ್ಲ, ಒಪ್ಪಿದೆ. ಆಮೇಲೆ ತೇಗು ಬರುತ್ತಲ್ಲ? ತೇಗಿಗೆ ಗೊತ್ತಾಗುತ್ತೆ."

ಈ ವರ್ಷ ಕೆಲವು ತಿಂಗಳು ಆ ಬಾಣಲೆ ಕವುಚಿಯೇ ಬಿದ್ದಿತ್ತು. ಅದರ ಕಥೆಯನ್ನು ಅವರು ಕೇಳಿದ ತಕ್ಷಣ ಹೇಳುವವರಲ್ಲ. ಬೆಳಗಿನ ಬಾಟಲಿಗಳೆಲ್ಲ ಮೇಲೆ ಹೋದ ಮೇಲೆ, ಸೋಸುವ ಬಟ್ಟೆಗಳನ್ನು ಒಗೆದು ಹಿಂಡುತ್ತಾ, ಅರ್ಧ ಗೋಡೆಗೆ ಅರ್ಧ ಎದುರಿದ್ದವರಿಗೆ ಎಂಬಂತೆ ಬಿಡಿಬಿಡಿಯಾಗಿ ಹೇಳುತ್ತಾರೆ.

ಜರಡಿಯಕ್ಕನ ತಂದೆ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದವರು. ಏಣಿಯ ಮೇಲೆ ನಿಂತರೆ ಕೈಗಿಂತ ಬಾಯಿ ಜೋರು. ಮನೆಯವರು ಕೇಳಲಿ ಬಿಡಲಿ, ಗೋಡೆಗಾದರೂ ಕಥೆ ಹೇಳುತ್ತಿದ್ದರು. ಊಟಕ್ಕೆ ಕೂತಾಗ ಮಾತ್ರ ಮಾತಿಲ್ಲ. ಅಷ್ಟು ಹೊತ್ತು ಕರೆದರೂ ಓಗೊಡದೆ, ತಟ್ಟೆಯ ಮೇಲೆ ಕಣ್ಣಿಟ್ಟು ಉಣ್ಣುವ ಮನುಷ್ಯ. ಮದುವೆಯಾದ ಎರಡೇ ವರ್ಷಕ್ಕೆ ಮಗಳು ಟ್ರಂಕು ಹಿಡಿದು ಗಂಡನ ಮನೆಯಿಂದ ವಾಪಸ್ ಬಂದಾಗ ಬೀದಿಯಿಡೀ ಯಾಕೆ ಏನು ಎಂದು ಕೇಳಿತು. ಈ ಬಾಯಾಳಿ ತಂದೆ ಒಬ್ಬರೇ ಕೇಳಲಿಲ್ಲ. ಹಿಂದಿನ ಕೋಣೆಯಲ್ಲಿ ಪೇರಿಸಿಟ್ಟಿದ್ದ ಬಣ್ಣದ ಡಬ್ಬಗಳನ್ನು ಹಿತ್ತಲಿಗೆ ಸಾಗಿಸಿ, ಕೋಣೆ ತೊಳೆದು, ಗೋಡೆಗೆ ಹೊಸ ಬಣ್ಣ ಹೊಡೆದು, ಸಂಜೆಯವರೆಗೆ ಬಾಗಿಲ ಹೊರಗೆ ಕೂತಿದ್ದರು. ಆಮೇಲೆ ಹೇಳಿದ್ದು ಒಂದೇ ಮಾತು: "ಒಣಗಿದೆ, ಹೋಗಿ ಮಲಕ್ಕೋ."

ಆಮೇಲೆ ಕೆಲಸ ಹುಡುಕಿ ಹೊರಟ ಮಗಳಿಗೆ ಸಿಕ್ಕಿದ್ದು ಈ ನೆಲಮಾಳಿಗೆಯಲ್ಲಿ ತರಕಾರಿ ಹೆಚ್ಚುವ ಕೆಲಸ. ಮೂಲೆಯಲ್ಲಿ ಗಂಜಿ ಸೋಸುತ್ತಿದ್ದ ಮುದುಕಿ ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ, ಬೇರೆ ಯಾರೂ ಮುಂದೆ ಬರಲಿಲ್ಲ. ಒಗ್ಗರಣೆಯಿಲ್ಲ, ಘಮವಿಲ್ಲ, ಉಂಡವರ ಮುಖ ನೋಡುವ ಹಾಗಿಲ್ಲ, ಅದೂ ಒಂದು ಅಡುಗೆಯೇ ಎಂದು ಮೂಗು ಮುರಿದರು. ಇವರು ಹೋಗಿ ನಿಂತರು. ಅಂದಿನಿಂದ ಇಪ್ಪತ್ತು ವರ್ಷ ಬಾಟಲಿಗಳು ಮೇಲೆ ಹೋದವು, ಖಾಲಿ ಬಾಟಲಿಗಳು ಕೆಳಗೆ ಬಂದವು. ಬಾಟಲಿಯ ಮೇಲೆ ಹೆಸರಿರುವುದಿಲ್ಲ, ಹಾಸಿಗೆಯ ನಂಬರು ಮಾತ್ರ. ಅಡುಗೆಮನೆಯವರು ವಾರ್ಡಿಗೆ ಹೋಗುವ ಪದ್ಧತಿಯೂ ಇಲ್ಲ.

ಈ ವರ್ಷದ ಆರಂಭದಲ್ಲಿ ಒಂದು ಬೆಳಿಗ್ಗೆ ತಂದೆ ಅಂಗಿ ಹಾಕಿಕೊಳ್ಳುತ್ತಿದ್ದಾಗ ಬಲಗೈಗೆ ತೋಳು ಸಿಗಲಿಲ್ಲ. ಎರಡು ಸಲ ತಡಕಾಡಿ, ಮಾತು ಕೇಳದ ಕೈಯನ್ನು ನೋಡಿ ನಕ್ಕರು. ಆ ನಗು ಮುಖದ ಒಂದೇ ಬದಿಗೆ ಬಂತು. ಸಾಮಾನು ಸಾಗಿಸುವ ವ್ಯಾನು ಓಡಿಸುವ ತಮ್ಮ ಪಕ್ಕದ ಬೀದಿಯಿಂದ ಓಡಿಬಂದು, ವ್ಯಾನಿನಲ್ಲಿ ರಟ್ಟು ಹಾಸಿ ಮಲಗಿಸಿಕೊಂಡು, ಅಕ್ಕ ಕೆಲಸ ಮಾಡುವ ಆಸ್ಪತ್ರೆಗೇ ತಂದ. ಜೀವ ಉಳಿಯಿತು. ಬಲಭಾಗ ಹೋಯಿತು, ಮಾತು ಹೋಯಿತು, ಗಂಟಲೂ ಹೋಯಿತು. ನುಂಗಿದ್ದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ, ಗಂಟಲು ಸುಧಾರಿಸುವವರೆಗೆ ಒಂದು ಹನಿ ನೀರನ್ನೂ ಬಾಯಿಗೆ ಹಾಕಬೇಡಿ ಎಂದು ಡಾಕ್ಟರಮ್ಮ ತಾಯಿಯ ಕೈ ಹಿಡಿದು ಹೇಳಿದರು.

ಮರುದಿನ ಬೆಳಿಗ್ಗೆ ಬಾಟಲಿಗೆ ಅಂಟಿಸುವ ನಂಬರುಗಳಲ್ಲಿ ಒಂದು ತಂದೆಯದು. ಆ ಬಾಟಲಿಯನ್ನು ಗಾಡಿಗೆ ಕೊಡಲು ಜರಡಿಯಕ್ಕನಿಗೆ ಮನಸ್ಸಾಗಲಿಲ್ಲ. ಹಂಡೆ ಮಾವನ ಒಪ್ಪಿಗೆ ಪಡೆದು, ಸೆರಗಿನಲ್ಲಿ ಸುತ್ತಿಕೊಂಡು, ತಾವೇ ಮೇಲೆ ಹೋದರು. ಮಾಡಿದ ಅಡುಗೆ ಎಲ್ಲಿಗೆ ಹೋಗುತ್ತದೆಂದು ಕಣ್ಣಾರೆ ಕಂಡದ್ದು ಅದೇ ಮೊದಲು. ಸಿಸ್ಟರ್ ಪೈಪಿನ ಮುಚ್ಚಳ ತೆಗೆದು, ದೊಡ್ಡ ಸಿರಿಂಜಿನಲ್ಲಿ ಗಂಜಿ ಸುರಿದು ಎತ್ತಿ ಹಿಡಿದರು. ಅದು ಸದ್ದಿಲ್ಲದೆ ಇಳಿಯಿತು. ತಂದೆ ಚಾವಣಿ ನೋಡುತ್ತಿದ್ದರು. ಊಟ ಬಂದದ್ದೂ ಗೊತ್ತಿಲ್ಲ, ಮುಗಿದದ್ದೂ ಗೊತ್ತಿಲ್ಲ. ಇಪ್ಪತ್ತು ವರ್ಷ ತಾವು ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅನ್ನಿಸಿ ಜರಡಿಯಕ್ಕನಿಗೆ ಆವತ್ತು ಅಳು ಬಂತು.

ಅವರ ತಾಯಿಯದು ಇನ್ನೊಂದು ಪಾಡು. ಗಂಡ ಉಂಡು ಕೈತೊಳೆಯುವವರೆಗೆ ತಟ್ಟೆ ಹಾಕಿಕೊಂಡ ಹೆಂಗಸಲ್ಲ. ಯಾರೂ ವಿಧಿಸಿದ್ದಲ್ಲ, ಗಂಡನೇ ಎಷ್ಟೋ ಸಲ ಗದರಿದ್ದರು, ರೂಢಿ ಬಿಡಲಿಲ್ಲ. ಈಗ ವಾರ್ಡಿನ ಹೊರಗಿನ ಬೆಂಚಿನಲ್ಲಿ ಒಂದು ತುತ್ತೂ ಮುಟ್ಟದೆ ಕೂತರು. ಅಪ್ಪನ ಊಟ ಆಯಿತು, ಇನ್ನಾದರೂ ಉಣ್ಣು ಎಂದು ಮಗಳು ತಟ್ಟೆ ಚಾಚಿದರೆ ಅದನ್ನು ಪಕ್ಕಕ್ಕೆ ಸರಿಸಿದರು.

"ಮೂಗಲ್ಲಿ ಹುಯ್ದಿದ್ದನ್ನ ಊಟ ಅಂತ ನಿನಗೆ ಯಾರು ಹೇಳಿಕೊಟ್ಟರು?"

ಅದನ್ನೇ ಊಟವೆಂದು ನಂಬಿ ಅರ್ಧ ಆಯಸ್ಸು ಕಳೆದವಳಿಗೆ ಹೆತ್ತ ತಾಯಿ ಕೇಳಿದ ಮಾತು. ಜರಡಿಯಕ್ಕ ತಟ್ಟೆ ಎತ್ತಿಕೊಂಡು ಕೆಳಗಿಳಿದರು. ಆ ಮಾತೇ ತಲೆಯಲ್ಲಿ ಕೂತಿತು. ಮರುದಿನ ತಂದೆಯ ಪಾಲಿನ ಗಂಜಿಗೆ ಒಗ್ಗರಣೆಯ ತುಪ್ಪ ಒಂದಿಷ್ಟು ಹೆಚ್ಚೇ ಘಮಗುಡುವಂತೆ ಕಾಯಿಸಿ ಬೆರೆಸಿದರು. ಬಾಟಲಿಯ ಜೊತೆಗೆ ಒಂದು ಪುಟ್ಟ ಬಟ್ಟಲಿನಲ್ಲೂ ಅದನ್ನೇ ಬಿಸಿಬಿಸಿಯಾಗಿ ಮುಚ್ಚಿಕೊಂಡು ಹೋದರು. ಸಿಸ್ಟರ್ ಬರುವ ಮೊದಲು ಮುಚ್ಚಳ ತೆಗೆದು ತಂದೆಯ ಮೂಗಿನ ಕೆಳಗೆ ಹಿಡಿದರು. ಬಾಯಿಗೆ ಹಾಕಲಿಲ್ಲ, ತುಟಿಗೂ ಸೋಕಿಸಲಿಲ್ಲ. ವಾಸನೆ ಅಷ್ಟೇ.

ತಂದೆ ಕಣ್ಣು ಮುಚ್ಚಿದರು. ಮೂಗಿನ ಹೊಳ್ಳೆ ಅರಳಿತು. ಗಂಜಿ ಪೈಪಿನಲ್ಲಿ ಇಳಿಯುವಷ್ಟು ಹೊತ್ತೂ ಹಾಗೇ ಕಣ್ಣು ಮುಚ್ಚಿ, ಒಂದು ಬದಿಯ ಮುಖ ಸಡಿಲ ಬಿಟ್ಟು ಮಲಗಿದ್ದರು. ಊಟಕ್ಕೆ ಕೂತಾಗ ಹೀಗೇ ಇರುತ್ತಿದ್ದರು ಎಂದು ತಾಯಿ ಹೇಳಿದರು. ಅವತ್ತು ಅವರೂ ನಾಲ್ಕು ತುತ್ತು ಉಂಡರು. ಆಮೇಲೆ ಪ್ರತಿ ಊಟಕ್ಕೂ ಬಟ್ಟಲು ಬಂತು. ತಂದೆಯ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು. ಪಕ್ಕದ ಹಾಸಿಗೆಯ ಅಜ್ಜನ ಸೊಸೆ, ನಮ್ಮ ಮಾವನಿಗೂ ಒಂದು ಸಲ ತೋರಿಸಿ ಅಕ್ಕ ಎಂದು ಸಂಕೋಚಪಡುತ್ತಲೇ ಕೇಳಿದರು. ಆ ನಾಲ್ಕೈದು ದಿನ ಜರಡಿಯಕ್ಕ ಮೆಟ್ಟಿಲು ಹತ್ತಿದ್ದು ಗೊತ್ತಾಗಲಿಲ್ಲವಂತೆ. ಉಂಡವರ ಮುಖ ನೋಡುವುದು ಏನೆಂದು ಅವರಿಗೆ ಆಗ ಗೊತ್ತಾಯಿತು.

ಆದರೆ ಒಂದು ಮಧ್ಯಾಹ್ನ ಬಟ್ಟಲು ಹಿಡಿದಿದ್ದಾಗಲೇ ತಂದೆಗೆ ಕೆಮ್ಮು ಬಂತು. ಬಾಯಿಯ ಬಿದ್ದ ಬದಿಯಿಂದ ಜೊಲ್ಲು ಇಳಿಯಿತು, ತಾಯಿ ಒರೆಸಿದರು. ಸಂಜೆಗೆ ಮೈ ಬಿಸಿಯಾಯಿತು. ಮರುದಿನ ಉಸಿರು ಗೊರಗೊರ ಎನ್ನತೊಡಗಿ, ಐಸಿಯುಗೆ ಸಾಗಿಸಿದರು. ನ್ಯುಮೋನಿಯಾ. ಹೊರಗೆ ನಿಂತಿದ್ದ ಮನೆಯವರಿಗೆ ಕಿರಿಯ ಡಾಕ್ಟರೊಬ್ಬರು ವಿವರಿಸಿದರು: ನುಂಗಲಾಗದವರಿಗೆ ಬಾಯಲ್ಲಿ ನೀರೂರಿದರೂ ಅಪಾಯ, ಆ ನೀರೇ ಉಸಿರಿನ ದಾರಿಗೆ ಇಳಿದುಬಿಡಬಹುದು. ಅವರಿಗೆ ಬಟ್ಟಲಿನ ವಿಷಯ ಗೊತ್ತಿರಲಿಲ್ಲ. ತಮ್ಮನಿಗೆ ಗೊತ್ತಿತ್ತು.

"ನಿನ್ನ ಬಟ್ಟಲೇ ಅಪ್ಪನ್ನ ಒಳಗೆ ಕಳಿಸಿದ್ದು ಅಕ್ಕ," ಎಂದ. ಕೂಗಾಡಲಿಲ್ಲ, ಅಳುತ್ತಲೇ ಹೇಳಿದ. ಜರಡಿಯಕ್ಕ ಬಾಗಿಲ ಪಕ್ಕದ ನೆಲದ ಮೇಲೆ ಕೂತುಬಿಟ್ಟರು. ಎಬ್ಬಿಸಲು ತಾಯಿಯೂ ಬರಲಿಲ್ಲ.

ಆಮೇಲೆ ಅವರು ತಾವಾಗಿಯೇ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲ ಹೇಳಿಕೊಂಡರು. ಡಾಕ್ಟರಮ್ಮ ಬೈಯಲಿಲ್ಲ. ಜೊಲ್ಲು ದಿನವಿಡೀ ಊರುತ್ತಲೇ ಇರುತ್ತದೆ, ಬಟ್ಟಲು ಇಲ್ಲದಿದ್ದರೂ ಇದು ಆಗುವಂಥದ್ದೇ. ಆ ಬಟ್ಟಲಿನಿಂದಲೇ ಆಯಿತು ಎಂದಾಗಲಿ ಆಗಲಿಲ್ಲ ಎಂದಾಗಲಿ ಯಾರೂ ಹೇಳಲಾರರು ಎಂದರು. ಪಕ್ಕದ ಹಾಸಿಗೆಯ ಅಜ್ಜ ಅದೇ ವಾಸನೆ ನೋಡಿ ಗಟ್ಟಿಮುಟ್ಟಾಗಿದ್ದರು. ತಪ್ಪು ಎಂದಿದ್ದರೆ ಅತ್ತು ಹಗುರಾಗಬಹುದಿತ್ತು, ತಪ್ಪಲ್ಲ ಎಂದಿದ್ದರೂ ಆಗಬಹುದಿತ್ತು. ಎರಡೂ ಅಲ್ಲದ ಆ ಉತ್ತರವನ್ನು ಹೊತ್ತುಕೊಂಡು ಜರಡಿಯಕ್ಕ ನೆಲಮಾಳಿಗೆಗೆ ಇಳಿದರು.

"ಡಾಕ್ಟರಿಗೆ ಗೊತ್ತಿಲ್ಲ ಅಂದರೆ ಏನಾಯ್ತು," ಎನ್ನುತ್ತಾರೆ ಅವರು, ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಾ. "ಕೆಮ್ಮು ಬಂದಾಗ ಬಟ್ಟಲು ಹಿಡಿದಿದ್ದು ನನ್ನ ಕೈ ತಾನೇ."

ಐಸಿಯುನಲ್ಲಿ ಮೊದಲ ಕೆಲವು ದಿನ ತಂದೆಗೆ ಪೈಪಿನ ಊಟವನ್ನೂ ನಿಲ್ಲಿಸಿದ್ದರು. ಬೇರೆಯವರ ಬಾಟಲಿಗಳು ಸಾಲಾಗಿ ನಿಂತಿರುವಾಗ ತಂದೆಯದೊಂದು ಇರುತ್ತಿರಲಿಲ್ಲ. ಬೇರೆಯವರ ತಂದೆ ತಾಯಿಗಳಿಗೆ ರುಬ್ಬಿದರು, ಸೋಸಿದರು, ತುಂಬಿದರು. ಒಂದು ಬೆಳಿಗ್ಗೆ ಐಸಿಯುನ ನಂಬರೊಂದು ಬಂತು. ಯಾರದೆಂದು ಕೇಳಿಸಿ ಖಾತ್ರಿ ಮಾಡಿಕೊಂಡು, ಅದೊಂದನ್ನು ನಾಲ್ಕು ಸಲ ಸೋಸಿದರು. ಬಾಣಲೆಯನ್ನು ಮುಟ್ಟಲಿಲ್ಲ. ತಂದೆಗಷ್ಟೇ ಅಲ್ಲ, ಯಾರಿಗೂ ಒಗ್ಗರಣೆ ಹಾಕುವ ಧೈರ್ಯ ಉಳಿದಿರಲಿಲ್ಲ. ಮೇಲಿನಿಂದ ಯಾವ ದೂರೂ ಬರಲಿಲ್ಲ. ಬಾಟಲಿಗಳು ಎಂದಿನಂತೆ ಖಾಲಿಯಾಗಿ ವಾಪಸ್ ಬಂದವು.

ಗಮನಿಸಿದವರು ಹಂಡೆ ಮಾವ ಒಬ್ಬರೇ. ನಿನ್ನ ಮೂಲೆಯಿಂದ ಬೆಳ್ಳುಳ್ಳಿಯ ವಾಸನೆಯೇ ಬರುತ್ತಿಲ್ಲವಲ್ಲ ಎಂದು ಕೇಳಿದರು. ನೆಗಡಿಯಾಗಿರಬೇಕು ನಿಮಗೆ ಎಂದು ಜರಡಿಯಕ್ಕ ಹಾರಿಸಿದರು. ಅವರು ಒತ್ತಾಯ ಮಾಡಲಿಲ್ಲ. ಮಧ್ಯಾಹ್ನ ಒಂದು ತಟ್ಟೆ ಊಟ ಮುಚ್ಚಿ ಮೂಲೆಯಲ್ಲಿಟ್ಟು ಹೋಗುವುದನ್ನು ರೂಢಿ ಮಾಡಿಕೊಂಡರು. ಅದು ಮುಚ್ಚಿದ ಹಾಗೇ ವಾಪಸ್ ಹೋಗುತ್ತಿತ್ತು. ಜರಡಿಯಕ್ಕ ಚಹಾ ಮತ್ತು ಬನ್ನಿನ ಮೇಲೆ ದಿನ ದೂಡುತ್ತಿದ್ದರು. ಅನ್ನ ಮುಟ್ಟುತ್ತಿರಲಿಲ್ಲ.

ತಂದೆ ಬದುಕಿ ಬಂದರು. ಇದ್ದ ಚೂರುಪಾರು ಶಕ್ತಿಯನ್ನೂ ಒಳಗೇ ಬಿಟ್ಟು ಬಂದ ಹಾಗಿದ್ದರು. ನುಂಗುವುದನ್ನು ಮತ್ತೆ ಕಲಿಸುವ ಥೆರಪಿಸ್ಟ್ ಹುಡುಗಿ ತಾಳ್ಮೆಯಿಂದ ಪರೀಕ್ಷೆ ಮಾಡಿ, ಗಂಟಲು ಇನ್ನೂ ಸಿದ್ಧವಿಲ್ಲ, ತಿಂಗಳುಗಳೇ ಹಿಡಿಯಬಹುದು, ಹಿಡಿದರೂ ಆದೀತೆಂಬ ಭರವಸೆಯಿಲ್ಲ ಎಂದಳು. ಮೂಗಿನ ಪೈಪು ಅಷ್ಟು ಕಾಲ ಇಡುವಂಥದ್ದಲ್ಲ. ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ, ನೇರ ಅಲ್ಲಿಗೇ ಪೈಪು ಕೂರಿಸಿ, ಮನೆಗೆ ಕಳಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಆ ಗಾದೆಯನ್ನು ಆ ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ.

ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೂ ತಂದೆಯ ಮಂಚಕ್ಕೂ ನಡುವೆ ಒಂದು ಪರದೆ ಮಾತ್ರ. ಅಪ್ಪನಿಗೆ ಯಾವ ವಾಸನೆಯೂ ತಗುಲಬಾರದು ಎಂದು ಜರಡಿಯಕ್ಕ ಪಟ್ಟು ಹಿಡಿದರು. ಒಲೆ ಆರಿತು. ತಾಯಿಯ ಊಟ ಪಕ್ಕದ ಬೀದಿಯ ಮಗನ ಮನೆಯಿಂದ ಬರುತ್ತಿತ್ತು, ತಣ್ಣಗಾದ ಮೇಲೆ ತಾ ಎಂದು ತಾಕೀತು. ತಾಯಿ ಅದನ್ನು ಹಿತ್ತಲ ಬಾಗಿಲು ಎಳೆದುಕೊಂಡು, ಒಗೆಯುವ ಕಲ್ಲಿನ ಮೇಲೆ ಕೂತು, ಬೆಕ್ಕಿನಂತೆ ಸದ್ದಿಲ್ಲದೆ ತಿಂದು, ಬಾಯಿ ತೊಳೆದುಕೊಂಡು ಒಳಗೆ ಬರುತ್ತಿದ್ದರು. ತಮ್ಮ ನೋಡಲು ಬಂದರೆ ವ್ಯಾನಿನಲ್ಲೇ ತಿಂಡಿ ಮುಗಿಸಿ ಬರುತ್ತಿದ್ದ. ತಂದೆಯ ಗಂಜಿಯನ್ನು ಜರಡಿಯಕ್ಕ ಹಿತ್ತಲಲ್ಲೇ ಬೇಯಿಸಿ, ಒಗ್ಗರಣೆಯ ಹಂಗಿಲ್ಲದೆ, ಆರಿಸಿ ತರುತ್ತಿದ್ದರು. ಬದುಕಿರುವ ಮನುಷ್ಯನಿರುವ ಮನೆ ಸೂತಕದ ಮನೆಯ ಹಾಗಾಗಿತ್ತು.

ತಂದೆಗೆ ಸಿಟ್ಟು ಬರತೊಡಗಿದ್ದು ಆಗಲೇ. ಹೊದಿಕೆ ಕಿತ್ತೆಸೆಯುವರು. ಗಂಜಿಯ ಹೊತ್ತಿಗೆ ಹೊಟ್ಟೆಯ ಪೈಪನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಬಿಡದೆ ಮುಖ ತಿರುಗಿಸುವರು. ನೋವಿರಬೇಕೆಂದು ಡಾಕ್ಟರಮ್ಮನಿಗೆ ತೋರಿಸಿದರು. ಗಾಯ ಚೆನ್ನಾಗಿ ಒಣಗಿತ್ತು. ಬೇಜಾರಿರಬೇಕೆಂದು ತಮ್ಮ ರೇಡಿಯೋ ತಂದಿಟ್ಟ; ಅದನ್ನು ಮಂಚದಿಂದ ಕೆಳಗೆ ತಳ್ಳಿದರು. ತನ್ನನ್ನು ಕಂಡರೇ ಆಗುತ್ತಿಲ್ಲ, ಕಾಯಿಲೆ ಬಂದದ್ದು ಬಟ್ಟಲಿನಿಂದ ಎಂದು ಅಪ್ಪನಿಗೆ ಗೊತ್ತಾಗಿದೆ ಎಂದು ಜರಡಿಯಕ್ಕ ಒಳಗೊಳಗೇ ತೀರ್ಮಾನಿಸಿಕೊಂಡರು. ಗಂಜಿ ಹುಯ್ಯುವಾಗ ಅವರ ಮುಖ ನೋಡುವುದನ್ನೂ ಬಿಟ್ಟರು.

ಒಂದು ರಜೆಯ ದಿನ ಮಧ್ಯಾಹ್ನ. ತಮ್ಮನೂ ಬಂದಿದ್ದ. ತಂದೆ ನಿದ್ದೆ ಹೋದರೆಂದು ತಿಳಿದು ತಾಯಿ ಹಿತ್ತಲಿಗೆ ಹೋಗುವ ತ್ರಾಣವಿಲ್ಲದೆ ಪರದೆಯ ಆಚೆಗೇ ತಟ್ಟೆ ಇಟ್ಟುಕೊಂಡು ಕೂತಿದ್ದರು. ಲೋಟ ತಗುಲಿ ತಟ್ಟೆ ಸದ್ದಾಯಿತು. ಈಚೆ ಮಂಚದ ಕಬ್ಬಿಣದ ಸರಳಿನ ಮೇಲೆ ಬಡಿತ ಶುರುವಾಯಿತು. ತಂದೆ ಎಡಗೈಯಲ್ಲಿ ಬಡಿಯುತ್ತಿದ್ದರು, ನಿಲ್ಲಿಸಲಿಲ್ಲ. ಜರಡಿಯಕ್ಕ ಓಡಿಬಂದು ಪರದೆ ಸರಿಸಿದರೆ ತಾಯಿ ಬಾಯಲ್ಲಿ ತುತ್ತಿಟ್ಟುಕೊಂಡು, ಅಗಿಯಲೂ ಆಗದೆ ಉಗುಳಲೂ ಆಗದೆ, ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕೂತಿದ್ದರು.

ತಂದೆ ಮಂಚದ ಪಕ್ಕದ ನೆಲ ತೋರಿಸಿದರು. ಯಾರಿಗೂ ಅರ್ಥವಾಗಲಿಲ್ಲ. ತಟ್ಟೆ ತೋರಿಸಿದರು, ಹೆಂಡತಿಯನ್ನು ತೋರಿಸಿದರು, ಮತ್ತೆ ನೆಲ ತೋರಿಸಿದರು. ತಾಯಿಗೆ ಮೊದಲು ಹೊಳೆಯಿತು. ತಟ್ಟೆ ಎತ್ತಿಕೊಂಡು ಬಂದು ಮಂಚದ ಬುಡದಲ್ಲಿ ಕೂತರು. ಬಡಿತ ಇನ್ನೂ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಮ್ಮ ಬಂದು ಕೂತ. ಆಮೇಲೂ ಬಡಿದರು, ಜರಡಿಯಕ್ಕ ಕೂರುವವರೆಗೆ. ಅಷ್ಟು ದಿನದ ಸಿಟ್ಟು ಏನೆಂದು ಮೂವರಿಗೂ ಒಟ್ಟಿಗೇ ಗೊತ್ತಾಯಿತು. ಊಟ ಸಿಗದ ಸಿಟ್ಟಲ್ಲ ಅದು. ಮನೆಯವರೆಲ್ಲ ತನ್ನಿಂದ ಕದ್ದು ಉಣ್ಣುತ್ತಿದ್ದಾರೆಂಬ ಸಿಟ್ಟು.

ಜರಡಿಯಕ್ಕ ತಂದೆಯ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಬಾಯಿ ಒರೆಸಿದರು. ತಾಯಿ ತಲೆ ತಗ್ಗಿಸಿ ಉಣ್ಣತೊಡಗಿದರು. ಗಂಡನಿಗಿಂತ ಮೊದಲು, ಗಂಡನ ಕಣ್ಣೆದುರು, ಜೀವಮಾನದಲ್ಲಿ ಮೊದಲ ಸಲ. ಅವರ ಕಣ್ಣೀರು ತಟ್ಟೆಗೇ ಬೀಳುತ್ತಿತ್ತು. ನೀನೂ ಎರಡು ತುತ್ತು ತಗೋ ಎಂದು ಮಗಳ ಕಡೆ ತಟ್ಟೆ ಸರಿಸಿದರು. ಜರಡಿಯಕ್ಕ ಹಸಿವಿಲ್ಲ ಎಂದು ವಾಪಸ್ ಸರಿಸಿದರು.

ಆಗ ತಂದೆಯ ಎಡಗೈ ಮಂಚದಿಂದ ಕೆಳಗಿಳಿದು ತಟ್ಟೆಗೆ ಬಂತು. ಬೆರಳುಗಳು ಅನ್ನವನ್ನು ಒಟ್ಟುಗೂಡಿಸಿದವು, ಚೆಲ್ಲಿದವು, ಮತ್ತೆ ಒಟ್ಟುಗೂಡಿಸಿದವು. ಒಂದು ತುತ್ತಾಯಿತು. ಕೈ ಮೇಲಕ್ಕೆ ಹೊರಟಿತು, ಅವರ ಬಾಯಿಯ ಮಟ್ಟಕ್ಕೆ ಬಂತು. ತಮ್ಮ ಮುಂಗೈ ಹಿಡಿಯಲು ಎದ್ದ. ಬಾಯಿ ತುಂಬ ಅನ್ನವಿಟ್ಟುಕೊಂಡೇ ತಾಯಿ "ಬಿಡೋ" ಎಂದರು.

ಕೈ ತಂದೆಯ ಬಾಯಿ ದಾಟಿ ಮುಂದೆ ಬಂತು. ಮಗಳ ಬಾಯಿಯ ಹತ್ತಿರ ಬಂದು ನಿಂತಿತು, ನಡುಗುತ್ತಾ, ಅಗುಳು ಉದುರಿಸುತ್ತಾ. ಜರಡಿಯಕ್ಕ ಬಾಯಿ ತೆಗೆಯಲಿಲ್ಲ. ಕೈಯೂ ಹಿಂದೆ ಹೋಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವರು ಬಾಯಿ ತೆರೆದರು, ತಂದೆ ತುತ್ತಿಟ್ಟರು. ಅಗಿದು ನುಂಗುವವರೆಗೆ ಕಣ್ಣು ಕದಲಿಸದೆ ನೋಡಿ, ಕೈಯನ್ನು ಮತ್ತೆ ತಟ್ಟೆಗೆ ಇಳಿಸಿದರು.

"ತಟ್ಟೆ ಖಾಲಿಯಾಗೋವರೆಗೂ ಬಿಡಲಿಲ್ಲ," ಎನ್ನುತ್ತಾರೆ ಜರಡಿಯಕ್ಕ. ಒದ್ದೆ ಬಟ್ಟೆಯನ್ನು ಕೊಡವಿ ಹರವುತ್ತಾರೆ. "ಅರ್ಧ ನನ್ನ ಬಾಯಿಗೆ, ಅರ್ಧ ನನ್ನ ಸೀರೆಗೆ. ಬೇಡ ಅಪ್ಪ ಅನ್ನೋಕೆ ನನಗೆ ಬಾಯೇ ಬರಲಿಲ್ಲ."

ಮರುದಿನವೇ ಅವರು ಡಾಕ್ಟರಮ್ಮನನ್ನು ಕೇಳಿದರು. ನೆಟ್ಟಗೆ ಕೂರಿಸಿ, ಆಗಾಗ ಬಾಯಿ ಒರೆಸಿ, ಜೊತೆಗೆ ಉಣ್ಣಿ, ಅದಕ್ಕೇನೂ ಅಡ್ಡಿಯಿಲ್ಲ ಎಂಬ ಉತ್ತರ ಬಂತು. ಅದಾದ ಮೇಲೆಯೇ ನೆಲಮಾಳಿಗೆಯ ಮೂಲೆಯಲ್ಲಿ ಬಾಣಲೆ ಮತ್ತೆ ಒಲೆಯೇರಿದ್ದು. ತಂದೆ ಮೊದಲಿನಂತಾಗಿಲ್ಲ, ಆಗುವ ಲಕ್ಷಣವೂ ಇಲ್ಲ. ಐಸಿಯುನಿಂದ ಬಂದಾಗಿನಿಂದ ದಿನೇದಿನೇ ಇಳಿಯುತ್ತಿದ್ದಾರೆ. ಮಗಳಿಗೆ ದಿನವೂ ತುತ್ತು ಹಿಡಿಯುವ ಕೈ ಕಳೆದ ತಿಂಗಳಿಗಿಂತ ಈ ತಿಂಗಳು ಹೆಚ್ಚು ನಡುಗುತ್ತದೆ. ಮುಂದಿನ ತಿಂಗಳು ಗಂಟಲಿನ ಪರೀಕ್ಷೆ ಇನ್ನೊಮ್ಮೆ ಇದೆ. ಥೆರಪಿಸ್ಟ್ ಹುಡುಗಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾಳೆ.

ಮಧ್ಯಾಹ್ನದ ಪಾಳಿ ಮುಗಿಯುತ್ತಿದೆ. ಹಂಡೆ ಮಾವ ಎಂದಿನಂತೆ ಒಂದು ತಟ್ಟೆ ಊಟ ಮುಚ್ಚಿ ತಂದಿಟ್ಟು, ಇವತ್ತಾದರೂ ತಿನ್ನು ಮಾರಾಯ್ತಿ ಎಂದು ಗೊಣಗುತ್ತಾರೆ. ಜರಡಿಯಕ್ಕ ನಕ್ಕು ಅದನ್ನು ತರಕಾರಿ ಹೆಚ್ಚುವವರ ಕಡೆ ಸರಿಸುತ್ತಾರೆ, ಸೆರಗು ಕೊಡವಿಕೊಂಡು ಚೀಲ ಎತ್ತಿಕೊಳ್ಳುತ್ತಾರೆ. ಪರೀಕ್ಷೆಯ ಬಗ್ಗೆ ಏನು ಆಸೆ ಎಂದು ಕೇಳಿದರೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ.

"ಪಾಸಾದರೆ ಸಂತೋಷ. ಆಗದಿದ್ದರೆ ಬೇಡ. ಆ ಎಡಗೈಗೆ ಇನ್ನೊಂದಿಷ್ಟು ದಿನ ಶಕ್ತಿ ಇರಲಿ, ಸಾಕು. ನಾನು ಹಸ್ಕೊಂಡೇ ಮನೆಗೆ ಹೋಗ್ತೀನಿ."